ಅಭಯದಾನದ ಪಾಠಶಾಲೆ

ಶ್ರಾವಕನ ನಿತ್ಯಕರ್ತವ್ಯಗಳಲ್ಲಿ ದಾನವೂ ಒಂದು. ಆಹಾರ, ಔಷಧ, ಶಾಸ್ತ್ರ ಮತ್ತು ಅಭಯ ಎಂದು ಅದು ನಾಲ್ಕು ತೆರನಾದುದೆಂಬುದನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಧರ್ಮಸ್ಥಳದ ಹೆಸರಿನೊಂದಿಗೆ ಚತುರ್ವಿಧ ದಾನವೆಂಬ ಮಾತು ಬೆಸೆದುಕೊಂಡು ಎಷ್ಟೋ ಕಾಲವಾಗಿದೆ. ಈ ನಾಲ್ಕರಲ್ಲಿ ಮೊದಲಿನ ಮೂರು ಕಣ್ಣಿಗೆ ಕಾಣುವಂಥವು. ಅನ್ನದಾನಕ್ಕೆ ಎಲೆ ಹಾಕಿದ ಪಂಕ್ತಿಯಿದೆ, ಔಷಧದಾನಕ್ಕೆ ಆಸ್ಪತ್ರೆಯಿದೆ, ವಿದ್ಯಾದಾನಕ್ಕೆ ಶಾಲೆ ಕಾಲೇಜುಗಳಿವೆ. ಅಭಯದಾನಕ್ಕೆ ಮಾತ್ರ ಕಟ್ಟಡವಿಲ್ಲ. ನೊಂದು ಬಂದವರಿಗೆ ಆಶ್ರಯ ನೀಡುವುದು, ವ್ಯಾಜ್ಯದಲ್ಲಿ ನ್ಯಾಯ ಹೇಳುವುದು ಎಂಬ ಅರ್ಥದಲ್ಲಿ ನಾವು ಆ ಮಾತನ್ನು ಬಳಸುತ್ತೇವೆ. ಅದು ತಪ್ಪಲ್ಲ. ಆದರೆ ಆಚಾರ್ಯರು ಹೇಳಿದ ಅಭಯವು ಮನುಷ್ಯನಿಗಷ್ಟೇ ಸಲ್ಲುವುದಲ್ಲ. ಪೃಥ್ವೀಕಾಯದಿಂದ ತ್ರಸಕಾಯದವರೆಗಿನ ಷಟ್ಕಾಯ ಜೀವಗಳಿಗೆಲ್ಲ ಸಲ್ಲತಕ್ಕದ್ದು. ಹಾಗಿದ್ದರೆ ಅದನ್ನು ಕಲಿಸುವ ಶಾಲೆ ಎಲ್ಲಿದೆ? ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಕಳೆದ ಎಂಟು ದಶಕಗಳ ಇತಿಹಾಸದಲ್ಲಿ ವಿದ್ಯಾದಾನವೂ ಅಭಯದಾನವೂ ಒಂದೇ ಕ್ರಿಯೆಯಲ್ಲಿ ಕೂಡಿದ ಸಂದರ್ಭಗಳನ್ನು, ಕೂಡಬೇಕಾಗಿದ್ದೂ ಅಗಲಿದ ಸಂದರ್ಭಗಳನ್ನು ಅರಸುವುದು ಈ ಬರಹದ ಉದ್ದೇಶ.

ಮೊದಲು ನೆಲದ ಪರಿಚಯ. ಬಿ.ಸಿ.ರೋಡ್ ಎಂದರೆ ಬಂಟ್ವಾಳ ಕ್ರಾಸ್ ರೋಡ್. ಹೆಸರಿನಲ್ಲಿಯೇ ಊರಿಗಿಂತ ದಾರಿ ಮುಖ್ಯವಾಗಿದೆ. ಇಲ್ಲಿಂದ ಪೂರ್ವಕ್ಕೆ ಹೊರಟ ದಾರಿ ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಚಾರ್ಮಾಡಿ ಘಟ್ಟವನ್ನು ಏರುತ್ತದೆ. ಬಂಟ್ವಾಳ ಪೇಟೆಯಿಂದ ಸಿದ್ದಕಟ್ಟೆಯ ಮಾರ್ಗವಾಗಿ ಉತ್ತರಕ್ಕೆ ಹೋದರೆ ಮೂಡುಬಿದಿರೆ. ಮಗ್ಗುಲಲ್ಲಿ ನೇತ್ರಾವತಿ. ಬೆಳ್ತಂಗಡಿ ತಾಲೂಕಿನ ಪೂರ್ವದ ಅಂಚು 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸೆರಗಿನಲ್ಲಿದೆ. ಗಡಾಯಿಕಲ್ಲು, ಕಾರಿಂಜದ ಬೆಟ್ಟ, ಶಿಶಿಲದ ಹೊಳೆ, ಮೂಡುಬಿದಿರೆಯ ಕಡಲಕೆರೆ ಇವೆಲ್ಲ ಈ ಸೀಮೆಯ ಯಾವ ಶಾಲೆಯಿಂದಲೂ ಬೆಳಗ್ಗೆ ಹೊರಟರೆ ಸಂಜೆಗೆ ಮರಳಬಹುದಾದಷ್ಟು ದೂರದಲ್ಲಿವೆ. ಅಷ್ಟು ದೂರ ಹೋಗಲಾರದವರಿಗೆ ಊರಿಗೊಂದು ತೋಡು, ಗುತ್ತಿಗೊಂದು ಬನ ಇದ್ದೇ ಇದೆ; ಅಥವಾ ಇತ್ತು.

ಮೂಡುಬಿದಿರೆಯ ಹೆಸರೇ ಒಂದು ಸಸ್ಯದ ಹೆಸರು. ಬಿದಿರ ಮೆಳೆಯ ಬಳಿ ಹುಲಿಯೂ ಹಸುವೂ ವೈರವಿಲ್ಲದೆ ಇದ್ದುದನ್ನು ಮುನಿಯೊಬ್ಬರು ಕಂಡು, ಆ ಸ್ಥಳದಲ್ಲಿ ಪಾರ್ಶ್ವನಾಥ ಸ್ವಾಮಿಯ ಬಿಂಬವನ್ನು ಪಡೆದರೆಂಬುದು ಗುರು ಬಸದಿಗೆ ಸಂಬಂಧಿಸಿದ ಐತಿಹ್ಯ. ಐತಿಹ್ಯವನ್ನು ಇತಿಹಾಸವೆನ್ನಲಾಗದು. ಆದರೂ ತನ್ನ ಹುಟ್ಟಿನ ಕಥೆಯಲ್ಲಿ ಬಿದಿರಿಗೂ ಹುಲಿಗೂ ಹಸುವಿಗೂ ಸ್ಥಾನ ಕೊಟ್ಟ ಪಟ್ಟಣವು ಹದಿನೆಂಟು ಬಸದಿಗಳ ಜೊತೆಗೆ ಹದಿನೆಂಟು ಕೆರೆಗಳನ್ನೂ ಲೆಕ್ಕದಲ್ಲಿ ಇಟ್ಟುಕೊಂಡಿತೆಂಬುದನ್ನು ಮರೆಯಬಾರದು. ಬಸದಿಗಳ ಲೆಕ್ಕ ಈಗಲೂ ನಮಗೆ ಬಾಯಿಪಾಠ. ಕೆರೆಗಳ ಹೆಸರನ್ನು ಸಾಲಾಗಿ ಹೇಳಬಲ್ಲವರು ಅಪರೂಪ.

ಶಾಲೆಗಳು ಬರುವ ಮೊದಲೇ ನಮ್ಮ ಮನೆಗಳಲ್ಲಿ ಒಂದು ಪಾಠ ನಡೆಯುತ್ತಿತ್ತು. ಅದು ಜಲಗಾಲನ. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಬಳಸುವುದು ಅದರ ಅರ್ಧ ಭಾಗ ಮಾತ್ರ. ಬಟ್ಟೆಯನ್ನು ಸೋಸಿದ ನೀರಿನಿಂದಲೇ ತೊಳೆದು, ಅದರಲ್ಲಿ ಉಳಿದ ಜೀವಗಳನ್ನು ಅದೇ ಬಾವಿಯ ನೀರಿಗೆ ನೋಯದಂತೆ ಮರಳಿಸುವುದು ಉಳಿದರ್ಧ. ಬೇರೆ ಬಾವಿಗೆ ಬಿಡುವಂತಿಲ್ಲ, ನೆಲಕ್ಕೆ ಚೆಲ್ಲುವಂತಿಲ್ಲ. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬಾಳಲಾರದೆಂಬ ತಿಳಿವಳಿಕೆ ಈ ಕಟ್ಟಳೆಯ ಹಿಂದೆ ಇದೆ. ನೀರಿನ ಒಂದು ಹನಿಯಲ್ಲಿ ಸಾವಿರಾರು ಜೀವಗಳಿವೆ ಎಂಬುದನ್ನು ಸೂಕ್ಷ್ಮದರ್ಶಕವು ಸಾಬೀತುಮಾಡಿತೆಂದು ಹಿಗ್ಗುವ ಲೇಖನಗಳು ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ವಿಜ್ಞಾನದಿಂದ ಧರ್ಮಕ್ಕೆ ಪ್ರಮಾಣಪತ್ರ ಪಡೆಯುವ ಈ ಆತುರದಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ದಿನಕ್ಕೆರಡು ಸಲ ಬಟ್ಟೆಯನ್ನು ಕೈಯಲ್ಲಿ ಹಿಡಿದು, ಅದರಲ್ಲೇನಿದೆ ಎಂದು ಬಾಗಿ ನೋಡಿ, ನೋಡಿದ್ದನ್ನು ಅದರ ಮನೆಗೆ ಕಳುಹಿಸುವ ಅಭ್ಯಾಸವೇ ಇಲ್ಲಿ ಮುಖ್ಯ. ನಲ್ಲಿಯ ನೀರು ಬಂದ ಮೇಲೆ ಬಟ್ಟೆ ಉಳಿಯಿತು, ಮರಳಿಸುವುದು ನಿಂತಿತು. ಎಲ್ಲಿಗೆ ಮರಳಿಸುವುದೆಂಬುದೇ ತಿಳಿಯದಾಯಿತು.

ಶಾಲೆಯ ಇತಿಹಾಸಕ್ಕೆ ಬಂದರೆ, ನಮ್ಮ ಸೀಮೆಯಲ್ಲಿ ಮೊದಲು ನೆನೆಯಬೇಕಾದುದು ಉಜಿರೆಯ ಸಿದ್ಧವನ ಗುರುಕುಲವನ್ನು. ಧರ್ಮಸ್ಥಳದ ಅಂದಿನ ಧರ್ಮಾಧಿಕಾರಿಗಳಾಗಿದ್ದ ಮಂಜಯ್ಯ ಹೆಗ್ಗಡೆಯವರು ಇದನ್ನು 1940ರಲ್ಲಿ ಸ್ಥಾಪಿಸಿದರು. ಅದಕ್ಕೆ ಮೂರು ವರ್ಷಗಳ ಹಿಂದೆ, 1937ರಲ್ಲಿ, ವಾರ್ಧಾದಲ್ಲಿ ಗಾಂಧೀಜಿಯವರು ಕೈಕೆಲಸವನ್ನು ಶಿಕ್ಷಣದ ಕೇಂದ್ರದಲ್ಲಿರಿಸುವ ಮೂಲಶಿಕ್ಷಣದ ವಿಚಾರವನ್ನು ಮುಂದಿಟ್ಟಿದ್ದರು. ಎರಡಕ್ಕೂ ನೇರ ಸಂಬಂಧವನ್ನು ಹೂಡುವುದು ನನ್ನ ಉದ್ದೇಶವಲ್ಲ. ಓದುವ ಹುಡುಗನ ಕೈ ಮಣ್ಣಿಗೆ ತಾಗಬೇಕೆಂಬ ಮಾತು ಆ ಕಾಲದ ಗಾಳಿಯಲ್ಲಿಯೇ ಇತ್ತು. ಮುಂಜಾನೆ ಏಳುವುದು, ಪ್ರಾರ್ಥನೆ, ಯೋಗ, ತೋಟದ ಕೆಲಸ, ಆ ಬಳಿಕ ಓದು ಎಂಬ ಕ್ರಮದಲ್ಲಿ ಬೆಳೆದ ಸಿದ್ಧವನದ ವಿದ್ಯಾರ್ಥಿಗಳು ಜಿಲ್ಲೆಯ ಎಲ್ಲ ಕಡೆ ಹರಡಿದ್ದಾರೆ. ಮುಂದೆ ಉಜಿರೆಯಲ್ಲಿಯೇ, ರತ್ನವರ್ಮ ಹೆಗ್ಗಡೆಯವರ ಹೆಸರನ್ನು ಹೊತ್ತು ಬಂದ ರತ್ನಮಾನಸ ವಿದ್ಯಾರ್ಥಿನಿಲಯದಲ್ಲಿ ಪ್ರೌಢಶಾಲೆಯ ಹುಡುಗರು ಗದ್ದೆ, ಹಟ್ಟಿ, ತರಕಾರಿ ತೋಟಗಳ ಕೆಲಸವನ್ನು ಓದಿನ ಜೊತೆಗೆ ತಾವೇ ಮಾಡುವ ಜೀವನ ಶಿಕ್ಷಣದ ಪದ್ಧತಿ ರೂಪುಗೊಂಡಿತು.

ಗದ್ದೆ ಉಳುವುದು ಹಿಂಸೆಯಲ್ಲವೇ ಎಂದು ನಮ್ಮವರೇ ಕೆಲವರು ಕೇಳುವುದುಂಟು. ಈ ಪ್ರಶ್ನೆಗೆ ಶ್ರಾವಕಾಚಾರದಲ್ಲಿ ಸ್ಪಷ್ಟವಾದ ಉತ್ತರವಿದೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು, ಎಂದರೆ ಕೊಲ್ಲಬೇಕೆಂದೇ ಕೊಲ್ಲುವುದನ್ನು. ಉಳಿದವುಗಳಲ್ಲಿ ಯತ್ನಾಚಾರದಿಂದ ಇರತಕ್ಕದ್ದು ಎಂದು ಹೇಳಲಾಗಿದೆ. ಅನ್ನ ಬೆಳೆಯುವಾಗ ಆಗುವ ಹಿಂಸೆಯನ್ನು ಕಡಿಮೆ ಮಾಡುವುದು ಬೇರೆ, ನೋಡುವ ಕುತೂಹಲಕ್ಕಾಗಿ ಕೊಲ್ಲುವುದು ಬೇರೆ. ಈ ವಿಂಗಡಣೆಯನ್ನು ಓದುಗರು ನೆನಪಿನಲ್ಲಿಡಬೇಕಾಗಿ ವಿನಂತಿ. ಏಕೆಂದರೆ ನಮ್ಮ ವಿಜ್ಞಾನದ ತರಗತಿಗಳು ಮುಂದೆ ಎಡವಿದ್ದು ಸರಿಯಾಗಿ ಇಲ್ಲಿಯೇ.

ಪಕ್ಕದ ಪುತ್ತೂರಿನಲ್ಲಿ ಇದೇ ಕಾಲಕ್ಕೆ ಇನ್ನೊಂದು ಪ್ರಯೋಗ ನಡೆದಿತ್ತು. ಡಾ. ಶಿವರಾಮ ಕಾರಂತರು ಅಲ್ಲಿ ಬಾಲವನವನ್ನು ಕಟ್ಟಿ ಮಕ್ಕಳ ಶಿಕ್ಷಣವನ್ನು ಆಟ, ಕುಣಿತ, ಅಲೆದಾಟಗಳ ಕಡೆಗೆ ತಿರುಗಿಸಲೆತ್ನಿಸಿದರು. 1936ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಅವರ ‘ಬಾಲಪ್ರಪಂಚ’ವು ಕನ್ನಡದ ಮಗುವಿಗೆ ಪ್ರಾಣಿ, ಸಸ್ಯ, ಆಕಾಶಗಳನ್ನು ಕನ್ನಡದಲ್ಲಿಯೇ ಪರಿಚಯಿಸಿತು. ಕಾರಂತರಿಗೆ ಸಂಪ್ರದಾಯದ ಮಾತು ರುಚಿಸುತ್ತಿರಲಿಲ್ಲ. ಚತುರ್ವಿಧ ದಾನದ ಚೌಕಟ್ಟಿನಲ್ಲಿ ಅವರನ್ನು ಕೂರಿಸಿದರೆ ಅವರು ಎದ್ದು ಹೋಗುತ್ತಿದ್ದರು. ಆದರೂ ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯ ಬದಿಯಲ್ಲಿ, ವಾಮಂಜೂರಿನ ಬಳಿ, ಹುಲಿ ನೀರು ಕುಡಿಯುತ್ತಿದ್ದ ಕೊಳವೆಂದು ತುಳುವಿನಲ್ಲಿ ಹೆಸರು ಪಡೆದ ಪಿಲಿಕುಳದಲ್ಲಿ ತಲೆಯೆತ್ತಿದ ನಿಸರ್ಗಧಾಮಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಪಶ್ಚಿಮ ಘಟ್ಟದ ಮರಗಳ ತೋಪು, ಮೃಗಾಲಯ, ವಿಜ್ಞಾನ ಕೇಂದ್ರಗಳೆಲ್ಲ ಅಲ್ಲಿವೆ. ನಮ್ಮ ಶಾಲೆಗಳ ವಾರ್ಷಿಕ ಪ್ರವಾಸಕ್ಕೆ ಅದು ಖಾಯಂ ನಿಲ್ದಾಣ.

ಸ್ವಾತಂತ್ರ್ಯಾನಂತರದ ಮೂರು ದಶಕಗಳನ್ನು ಬೇಗ ದಾಟಬಹುದು. 1950ರಲ್ಲಿ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದರು. ಶಾಲೆಗಳಲ್ಲಿ ವರ್ಷಕ್ಕೊಂದು ಗಿಡ ನೆಡುವ ಸಮಾರಂಭ ನಡೆಯತೊಡಗಿತು. 1973ರಿಂದ ಅದರ ಜೊತೆಗೆ ಜೂನ್ 5ರ ವಿಶ್ವ ಪರಿಸರ ದಿನವೂ ಸೇರಿಕೊಂಡಿತು. ಹೋದ ವರ್ಷದ ಗುಂಡಿಯಲ್ಲಿಯೇ ಈ ವರ್ಷದ ಗಿಡವನ್ನೂ ನೆಟ್ಟು ಭಾಷಣ ಮಾಡಿದ ಅನುಭವ ಅಧ್ಯಾಪಕರಾಗಿದ್ದ ಯಾರಿಗಿಲ್ಲ? ನನಗಂತೂ ಇದೆ.

ಕಾಲೇಜುಗಳ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಆಗ ನಡೆಯುತ್ತಿದ್ದುದು ಕಪ್ಪೆಯ ಅಂಗಚ್ಛೇದನ. ಒಂದು ಕಡೆ ಗದ್ದೆಯ ಕಪ್ಪೆಗಳ ಕಾಲುಗಳು ವಿದೇಶಗಳಿಗೆ ರಫ್ತಾಗುತ್ತಿದ್ದವು. ಇನ್ನೊಂದು ಕಡೆ ಅವೇ ಕಪ್ಪೆಗಳು ಮೇಣದ ತಟ್ಟೆಯ ಮೇಲೆ ಮೊಳೆ ಹೊಡೆಸಿಕೊಳ್ಳುತ್ತಿದ್ದವು. ಕಪ್ಪೆ ಕಡಿಮೆಯಾದಲ್ಲಿ ಬೆಳೆಯ ಕೀಟಗಳು ಹೆಚ್ಚುತ್ತವೆ ಎಂಬ ಆತಂಕ ಬಲವಾಗಿ, 1987ರಲ್ಲಿ ಭಾರತವು ಕಪ್ಪೆಕಾಲಿನ ರಫ್ತನ್ನು ನಿಷೇಧಿಸಿತು. ಪ್ರಯೋಗಾಲಯದ ಕಪ್ಪೆಗೆ ಅಭಯ ಸಿಗಲು ಇನ್ನೂ ಕಾಲು ಶತಮಾನ ಹಿಡಿಯಿತು. ಪದವಿ ತರಗತಿಗಳ ಪ್ರಾಣಿಶಾಸ್ತ್ರದಲ್ಲಿ ಅಂಗಚ್ಛೇದನವನ್ನು ಪೂರ್ಣವಾಗಿ ಕೈಬಿಡುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗವು ಆದೇಶಿಸಿದ್ದು 2014ರಲ್ಲಿ. ನಮ್ಮ ಸಮಾಜದ ಎಷ್ಟೋ ಮಕ್ಕಳು ಈ ಒಂದು ಕಾರಣದಿಂದ ಜೀವಶಾಸ್ತ್ರವನ್ನು ಬಿಟ್ಟು ಗಣಿತವನ್ನೋ ವಾಣಿಜ್ಯವನ್ನೋ ಹಿಡಿದರು. ಅದನ್ನು ನಾವು ಧರ್ಮನಿಷ್ಠೆಯೆಂದು ಮೆಚ್ಚಿದೆವು. ಮೆಚ್ಚತಕ್ಕದ್ದೇ. ಆದರೆ ಅದರಿಂದ ಜೀವಗಳನ್ನು ಬಲ್ಲವರ ಸಂಖ್ಯೆ ಜೀವದಯೆಯ ಸಮಾಜದಲ್ಲಿಯೇ ಕಡಿಮೆಯಾಯಿತೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊಲ್ಲದೆ ಕಲಿಯುವ ದಾರಿಯನ್ನು ತೆರೆಯಬೇಕಾಗಿದ್ದವರು ನಾವು. ನಾವು ತರಗತಿಯಿಂದ ಎದ್ದು ಬಂದೆವು, ಅಷ್ಟೆ.

ಆ ದಾರಿಯನ್ನು ತೆರೆದವರು ಬೇರೆಯವರು. 1991ರ ನವೆಂಬರ್ 22ರಂದು, ವಕೀಲ ಎಂ. ಸಿ. ಮೆಹತಾ ಅವರ ಅರ್ಜಿಯ ಮೇಲೆ, ಸರ್ವೋಚ್ಚ ನ್ಯಾಯಾಲಯವು ಪರಿಸರ ವಿಷಯವನ್ನು ಶಿಕ್ಷಣದಲ್ಲಿ ಕಡ್ಡಾಯಗೊಳಿಸುವಂತೆ ನಿರ್ದೇಶನ ನೀಡಿತು. ನಿರ್ದೇಶನದ ಪಾಲನೆ ಸಾಲದೆಂದು 2003ರಲ್ಲಿ ಮತ್ತೆ ಎಚ್ಚರಿಸಬೇಕಾಯಿತು. ಫಲವಾಗಿ ಪಠ್ಯಪುಸ್ತಕಗಳು ಬಂದವು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಓಝೋನ್ ಪದರದ ರಂಧ್ರದ ಬಗ್ಗೆ ಪುಟ ತುಂಬ ಬರೆಯಬಲ್ಲ ವಿದ್ಯಾರ್ಥಿಗೆ ತನ್ನ ಮನೆಯ ಹಿಂದಿನ ತೋಡು ಯಾವ ಹೊಳೆಗೆ ಸೇರುತ್ತದೆಂಬುದು ತಿಳಿದಿರಲಿಲ್ಲ.

ಇದಕ್ಕಿಂತ ಭಿನ್ನವಾದ ಕೆಲಸ ಅದೇ ದಶಕದಲ್ಲಿ ಪಕ್ಕದ ಕಾರ್ಕಳದ ಕಡೆ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು ಪಶ್ಚಿಮ ಘಟ್ಟದ ಉದ್ದಕ್ಕೂ ಇರುವ ಸಣ್ಣ ಊರುಗಳ ಕಾಲೇಜು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಒಂದು ಜಾಲವಾಗಿ ಹೆಣೆದು, ತಮ್ಮ ತಮ್ಮ ಊರಿನ ಜೀವಜಾತಿಗಳನ್ನು ತಾವೇ ಗುರುತಿಸಿ ದಾಖಲಿಸುವ ಕಾರ್ಯಕ್ಕೆ ಹಚ್ಚಿದರು. ಘಟ್ಟದ ಬುಡದಲ್ಲಿರುವ ಮಾಳ ಗ್ರಾಮವು ಹೀಗೆ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಿದ ಮೊದಲ ಗ್ರಾಮಗಳ ಸಾಲಿಗೆ ಸೇರಿತು. ಇಲ್ಲಿ ಕಪ್ಪೆಯನ್ನು ಕೊಯ್ಯಲಿಲ್ಲ. ರಾತ್ರಿಯ ಮಳೆಯಲ್ಲಿ ನಿಂತು ಅದರ ಕೂಗನ್ನು ಕೇಳಿದರು. ಯಾವ ಮೀನು ಯಾವ ತಿಂಗಳಲ್ಲಿ ಹೊಳೆಯೇರುತ್ತದೆ, ಯಾವ ಬಳ್ಳಿ ಹಾವಿನ ಕಡಿತಕ್ಕೆಂದು ಹೇಳುತ್ತಾರೆ ಎಂಬುದನ್ನು ಹಳ್ಳಿಯ ಹಿರಿಯರಿಂದ ಕೇಳಿ ಬರೆದುಕೊಂಡರು. ಅಧ್ಯಾಪಕನು ತಿಳಿಯದವನ ಸ್ಥಾನದಲ್ಲಿಯೂ ಅಕ್ಷರವಿಲ್ಲದ ಅಜ್ಜನು ತಿಳಿದವನ ಸ್ಥಾನದಲ್ಲಿಯೂ ಕುಳಿತ ಅಪರೂಪದ ಪಾಠಕ್ರಮವಿದು. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿಯೊಂದು ಪಂಚಾಯತಿಯಲ್ಲಿಯೂ ಇಂಥ ದಾಖಲೆ ಇರಬೇಕೆಂದು ವಿಧಿಸಿತು. ದೇಶದ ಬಹುಭಾಗದಲ್ಲಿ ಆ ಕೆಲಸ ನಿದ್ರಿಸುತ್ತಿದ್ದು, ಹಸಿರು ನ್ಯಾಯಮಂಡಳಿಯು 2020ರ ಜನವರಿಯ ಗಡುವನ್ನು ನೀಡಿ ದಂಡದ ಮಾತನಾಡಿದ ಮೇಲೆ ಅವಸರ ಅವಸರವಾಗಿ ಪುಟಗಳು ತುಂಬಿದವು. ಶಾಲೆಯ ಮಕ್ಕಳ ಕೈಗೆ ಕೊಟ್ಟಿದ್ದರೆ ಅವರು ಇನ್ನೂ ಬರೆಯುತ್ತಿರುತ್ತಿದ್ದರು, ನಿಜ. ಆದರೆ ಬರೆದುದು ಕಂಡದ್ದಾಗಿರುತ್ತಿತ್ತು.

ಇನ್ನು ಶಿಶಿಲದ ವಿಚಾರ. ಬೆಳ್ತಂಗಡಿ ತಾಲೂಕಿನ ಈ ಊರಿನಲ್ಲಿ ಶಿಶಿಲೇಶ್ವರ ದೇವಾಲಯದ ಬದಿಗೆ ಹರಿಯುವ ಕಪಿಲಾ ನದಿಯಲ್ಲಿ ದೇವರ ಮೀನುಗಳಿವೆ. ಮಹಶೀರ್ ಜಾತಿಯ ಈ ದೊಡ್ಡ ಮೀನುಗಳಿಗೆ ಅಲ್ಲಿ ಗಾಳವಿಲ್ಲ, ಬಲೆಯಿಲ್ಲ. ಬಂದ ಭಕ್ತರು ಅಕ್ಕಿ, ಹುರಿಯಕ್ಕಿಗಳನ್ನು ನೀರಿಗೆ ಎರಚುತ್ತಾರೆ. ಮೀನುಗಳು ಕಾಲ ಬಳಿಗೇ ಬಂದು ತಿನ್ನುತ್ತವೆ. 1996ರಲ್ಲಿ ಯಾರೋ ದುರುಳರು ಹೊಳೆಗೆ ವಿಷ ಬೆರೆಸಿದರು. ಸಾವಿರಾರು ಮೀನುಗಳು ಸತ್ತು ತೇಲಿದವು. ಊರವರು ಸತ್ತ ಮೀನುಗಳ ನೆನಪಿಗೆ ಅಲ್ಲೊಂದು ಸ್ಮಾರಕವನ್ನು ಕಟ್ಟಿದರು. ವೀರರಿಗೆ ಕಲ್ಲು ನಿಲ್ಲಿಸಿದ್ದುಂಟು, ಸಲ್ಲೇಖನ ವ್ರತದಿಂದ ದೇಹ ಬಿಟ್ಟವರಿಗೆ ನಿಷಿಧಿಯನ್ನು ನಿಲ್ಲಿಸಿದ್ದುಂಟು. ಮೀನಿಗೆ ಸ್ಮಾರಕವನ್ನು ನಿಲ್ಲಿಸಿದ ಊರು ನಮ್ಮ ತಾಲೂಕಿನಲ್ಲಿದೆ ಎಂಬುದನ್ನು ಪಠ್ಯಪುಸ್ತಕ ಹೇಳದಿದ್ದರೂ ಅಧ್ಯಾಪಕರು ಹೇಳಬಹುದು.

ಆದರೆ ಅಲ್ಲಿಗೆ ಹೋದ ಮಕ್ಕಳು ಏನನ್ನು ಕಲಿತು ಬರುತ್ತಾರೆಂಬುದು ವಿಚಾರಾರ್ಹ. ಪ್ರವಾಸದ ಬಸ್ಸಿನಿಂದ ಇಳಿದು, ಪೊಟ್ಟಣ ಕೊಂಡು, ಮೀನಿಗೆ ಎರಚಿ, ನಗುತ್ತ ಮರಳಿದರೆ ಅದು ಆಹಾರದಾನದ ಪಾಠವಾಯಿತು. ಮೀನುಗಳು ಅಲ್ಲಿ ಉಳಿದಿರುವುದು ಹುರಿಯಕ್ಕಿಯಿಂದಲ್ಲ. ತಂಪಾದ, ಹರಿಯುವ, ತಿಳಿಯಾದ ನೀರು ಅವಕ್ಕೆ ಬೇಕು. ಮೊಟ್ಟೆಯಿಡಲು ಕಲ್ಲುಹರಳಿನ ನೆಲೆ ಬೇಕು. ಮೇಲಣ ಕಾಡು ಆ ನೀರನ್ನು ಬೇಸಗೆಯ ತನಕ ಹಿಡಿದಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅಷ್ಟು ದೂರದ ಹೊಳೆಯಲ್ಲಿ ಮನುಷ್ಯನು ಕೈಯಿಕ್ಕುವುದಿಲ್ಲವೆಂಬ ನಂಬಿಕೆ ಬೇಕು. ಅದೇ ಅಭಯ. ಬಂಟ್ವಾಳ ತಾಲೂಕಿನ ಕಾರಿಂಜದಲ್ಲಿ ಇದರ ಇನ್ನೊಂದು ಮಗ್ಗುಲನ್ನು ಕಾಣಬಹುದು. ಅಲ್ಲಿನ ಬೆಟ್ಟದ ಮಂಗಗಳಿಗೆ ದೇವಾಲಯದಿಂದ ಅನ್ನವಿಡುವ ಹಳೆಯ ಪದ್ಧತಿಯಿದೆ. ಅದಕ್ಕೊಂದು ಹೊತ್ತು, ಒಂದು ಬಂಡೆ, ಒಂದು ಅಳತೆಯಿದೆ. ಆದರೆ ಯಾತ್ರಿಕರು ಕೈಯಲ್ಲಿ ಹಿಡಿದು ನೀಡುವ ಬಿಸ್ಕಿಟ್ಟು ಬಾಳೆಹಣ್ಣುಗಳಿಗೆ ಹೊತ್ತೂ ಇಲ್ಲ, ಅಳತೆಯೂ ಇಲ್ಲ. ಹಾಗೆ ಅಭ್ಯಾಸವಾದ ಮಂಗ ಎಲ್ಲಿದ್ದರೂ ಚೀಲಕ್ಕೆ ಕೈಹಾಕುತ್ತದೆ, ಕಲ್ಲೇಟು ತಿನ್ನುತ್ತದೆ. ಕಾಡಿನ ಪ್ರಾಣಿಗೆ ಉಣಿಸುವುದು ದಯೆಯ ಮೊದಲ ಉಕ್ಕು. ಉಣಿಸದೆ ದೂರ ನಿಂತು ನೋಡಲು ಹೆಚ್ಚಿನ ಸಂಯಮ ಬೇಕು. ನಮ್ಮ ಸಮಾಜವು ಆಹಾರದಾನದಲ್ಲಿ ಎಷ್ಟು ನುರಿತದ್ದೋ ಅಭಯದಾನದಲ್ಲಿ ಅಷ್ಟು ನುರಿತದ್ದಲ್ಲವೆಂದು ಬರೆದರೆ ಓದುಗರು ಕ್ಷಮಿಸಬೇಕು.

ಹಾಗಾದರೆ ನೋಡುವ ಪಾಠ ಹೇಗಿರುತ್ತದೆ? ಕೆಲವು ವರ್ಷಗಳ ಹಿಂದೆ ಬಂಟ್ವಾಳ ತಾಲೂಕಿನ ಒಂದು ಶಾಲೆಯ ಮಕ್ಕಳೊಂದಿಗೆ ತೋಡಿನ ಬದಿಯಲ್ಲಿ ಅರ್ಧ ದಿನ ಕಳೆಯುವ ಅವಕಾಶ ನನಗೆ ಒದಗಿತ್ತು. ದೀಪಾವಳಿ ಕಳೆದು ನೀರು ತಿಳಿಯಾಗಿದ್ದ ಸಮಯ. ಸಾಮಗ್ರಿಯೆಂದರೆ ಒಂದು ತೆಳ್ಳನೆಯ ಬಟ್ಟೆ, ನಾಲ್ಕಾರು ಬಿಳಿಯ ತಟ್ಟೆಗಳು, ಒಂದು ಭೂತಗನ್ನಡಿ. ಹರಿಯುವ ನೀರಿನಲ್ಲಿ ಕಲ್ಲೊಂದನ್ನು ಮೆಲ್ಲನೆ ಎತ್ತಿ, ಅದರಡಿಯಿಂದ ಬಂದುದನ್ನು ಬಟ್ಟೆಯಲ್ಲಿ ಹಿಡಿದು, ತಟ್ಟೆಯ ನೀರಿಗೆ ಬಿಟ್ಟರು. ಬಾಲಕ್ಕೆ ಮೂರು ಎಳೆಗಳಿರುವ ಚಪ್ಪಟೆ ಹುಳು ಕಾಣಿಸಿತು. ರೆಕ್ಕೆ ಬಂದ ಮೇಲೆ ಅದರ ಆಯುಷ್ಯ ಹೆಚ್ಚೆಂದರೆ ಒಂದೆರಡು ದಿನ. ಮರಳಿನ ಕಣಗಳನ್ನು ಅಂಟಿಸಿ ಮಾಡಿದ ಕೊಳವೆ ಮನೆಯಿಂದ ತಲೆ ಹೊರಹಾಕುವ ಇನ್ನೊಂದಿತ್ತು. ಏರೋಪ್ಲೇನ್ ಚಿಟ್ಟೆಯ ಮರಿಯಿತ್ತು. ಮೊದಲಿನ ಎರಡು ಕೊಳಕು ನೀರಿನಲ್ಲಿ ಬಾಳಲಾರವು. ಆದುದರಿಂದ ಅವು ಇದ್ದರೆ ತೋಡು ಆರೋಗ್ಯವಾಗಿದೆ ಎಂದು ಬರೆದುಕೊಳ್ಳಬಹುದು. ಎಣಿಸಿದರು, ಚಿತ್ರ ಬರೆದರು, ಕಲ್ಲನ್ನು ಮೊದಲಿದ್ದಂತೆಯೇ ಇಟ್ಟರು. ಒಬ್ಬ ಹುಡುಗ ತಟ್ಟೆಯ ಹುಳುಗಳನ್ನು ಶಾಲೆಯ ಬಾವಿಗೆ ಬಿಡೋಣವೆಂದನು; ಅಲ್ಲಿ ನೀರು ಬತ್ತುವುದಿಲ್ಲವೆಂಬುದು ಅವನ ವಾದ. ಹರಿಯದ ನೀರಿನಲ್ಲಿ ಅವಕ್ಕೆ ಉಸಿರು ಸಾಲದೆಂದು ಅಧ್ಯಾಪಿಕೆ ತಿಳಿಸಿದರು. ನನಗೆ ಅಜ್ಜಿಯ ಕೈಯ ಬಟ್ಟೆ ನೆನಪಾಯಿತು. ಅದೇ ಬಾವಿಗೆ ಮರಳಿಸಬೇಕೆಂದು ಅವರು ನೂರು ಸಲ ಹೇಳಿದ್ದರು. ಕಾರಣವನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇದರಲ್ಲಿ ಹಿಂಸೆ ಇಲ್ಲವೇ ಇಲ್ಲವೆಂದು ನಾನು ವಾದಿಸಲಾರೆ. ಕಲ್ಲನ್ನು ಎತ್ತಿದಾಗ ಒಂದೆರಡು ಜೀವಗಳಿಗೆ ನೋವಾದೀತು. ಆದರೆ ಸಂಕಲ್ಪವು ಕೊಲ್ಲುವುದಲ್ಲ, ಯತ್ನಾಚಾರವಿದೆ. ಚಿಟ್ಟೆಗೆ ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುವ ಹಳೆಯ ಯೋಜನಾಕಾರ್ಯದ ಸಂಗತಿ ಹಾಗಲ್ಲ. ಅದು ಸಂಕಲ್ಪೀ ಹಿಂಸೆಯೇ. ಇಷ್ಟು ಭೇದವನ್ನು ಹತ್ತು ವರ್ಷದ ಮಗುವೂ ತಿಳಿಯಬಲ್ಲದು.

ಕಾಡಿನಿಂದ ತರುವುದರ ಬಗ್ಗೆಯೂ ಹೀಗೆಯೇ. ಷಡ್ಲೇಶ್ಯೆಗಳ ಚಿತ್ರವನ್ನು ನಾವೆಲ್ಲ ಕಂಡಿದ್ದೇವೆ. ಹಸಿದ ಆರು ಮಂದಿ ನೇರಳೆ ಮರದ ಬಳಿ ಬರುತ್ತಾರೆ. ಒಬ್ಬನು ಮರವನ್ನು ಬುಡಸಹಿತ ಕೀಳಬೇಕೆನ್ನುತ್ತಾನೆ, ಒಬ್ಬನು ಕಾಂಡವನ್ನು ಕಡಿಯಬೇಕೆನ್ನುತ್ತಾನೆ, ಮತ್ತೊಬ್ಬನಿಗೆ ಕೊಂಬೆ, ಇನ್ನೊಬ್ಬನಿಗೆ ಗೊಂಚಲು, ಐದನೆಯವನಿಗೆ ಹಣ್ಣು ಸಾಕು. ಕೊನೆಯವನು ನೆಲಕ್ಕೆ ಬಿದ್ದುದನ್ನು ಆಯ್ದುಕೊಳ್ಳುತ್ತಾನೆ. ಕೃಷ್ಣದಿಂದ ಶುಕ್ಲದವರೆಗಿನ ಪರಿಣಾಮಭೇದವನ್ನು ತೋರುವ ಈ ಚಿತ್ರವನ್ನು ಬಸದಿಯ ಗೋಡೆಯಿಂದ ಇಳಿಸಿ ಪುನರ್ಪುಳಿಯ ಮರದ ಕೆಳಗೆ ತಂದು ನೋಡಬೇಕು. ಮಳೆಗೆ ಮುಂಚೆ ಹಣ್ಣು ಬೇಗ ಸಿಗಲೆಂದು ಕೊಂಬೆಯನ್ನೇ ಸವರುವವರನ್ನೂ, ಬಿದ್ದ ಹಣ್ಣನ್ನು ಬುಟ್ಟಿಗೆ ಆಯುವವರನ್ನೂ ನಮ್ಮ ಘಟ್ಟದ ತಪ್ಪಲಿನಲ್ಲಿ ಇಂದಿಗೂ ಕಾಣಬಹುದು. ಬೆಳ್ತಂಗಡಿಯ ಮಲೆಗಳಲ್ಲಿ ವಾಸಿಸುವ ಮಲೆಕುಡಿಯರ ಮಕ್ಕಳು ಇದೇ ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾರೆ. ಯಾವ ಹಣ್ಣು ಯಾವ ಹಕ್ಕಿಯ ಪಾಲು, ಜೇನನ್ನು ಎಷ್ಟು ಬಿಟ್ಟು ಎಷ್ಟು ತೆಗೆಯಬೇಕು ಎಂಬುದನ್ನು ಅವರ ಮನೆಗಳಲ್ಲಿ ಹೇಳಿಕೊಡುತ್ತಾರೆ. ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಎಬ್ಬಿಸುವ ಮಾತನ್ನು ಕೇಳಿ ಬೆಳೆದ ಆ ಮಕ್ಕಳಿಗೆ ಸಂರಕ್ಷಣೆಯೆಂಬ ಶಬ್ದವೇ ಹೆದರಿಕೆಯ ಶಬ್ದವಾಗಿದ್ದರೆ ಆಶ್ಚರ್ಯವಿಲ್ಲ. ಅಭಯದ ಪಾಠದಲ್ಲಿ ಅವರಿಗೇ ಭಯವಿರಕೂಡದು. ಕಾಡಿನ ಪಾಠದ ದಿನ ಅವರು ಮುಂದಿನ ಬೆಂಚಿಗೆ ಬರಬೇಕು.

ನಾಗಬನಗಳ ಬಗ್ಗೆ ಎರಡು ಮಾತು. ತುಳುನಾಡಿನ ಜೈನ ಮನೆತನಗಳಿಗೂ ಬನಗಳಿವೆ. ಧರಣೇಂದ್ರನ ಹೆಡೆಯ ನೆರಳಿನಲ್ಲಿ ನಿಂತ ಪಾರ್ಶ್ವನಾಥನನ್ನು ಪೂಜಿಸುವವರಿಗೆ ಅದರಲ್ಲಿ ವಿರೋಧ ಕಾಣಲಿಲ್ಲ. ರೆಂಜೆ, ಸುರಗಿ, ಹೊನ್ನೆ, ಕಾಸರಕಗಳು ಬಳ್ಳಿಗಳೊಂದಿಗೆ ಹೆಣೆದುಕೊಂಡ ಈ ಬನಗಳಲ್ಲಿ ಸೊಪ್ಪು ಕೊಯ್ಯುವಂತಿರಲಿಲ್ಲ. ಇತ್ತೀಚಿನ ದಶಕಗಳಲ್ಲಿ ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಮರ ಕಡಿದು, ಸಿಮೆಂಟಿನ ಕಟ್ಟೆ ಕಟ್ಟಿ, ಸುತ್ತ ನೆಲಹಾಸು ಹಾಕಿದ್ದನ್ನು ಎಷ್ಟೋ ಕಡೆ ಕಾಣುತ್ತೇವೆ. ನಾಗನು ಕಲ್ಲಿನಲ್ಲಿ ಉಳಿದ, ಹಾವಿಗೆ ನೆಲೆ ಹೋಯಿತು. ಉಳಿದ ಬನಗಳ ಮರಗಳನ್ನು ಹೊರಗೆ ನಿಂತೇ ಎಣಿಸಿ ಬರೆದಿಡುವ ಕೆಲಸವನ್ನು ಪ್ರತಿ ಶಾಲೆಯೂ ಮಾಡಬಹುದು. ಒಳಗೆ ಕಾಲಿಡಬೇಕಾಗಿಯೂ ಇಲ್ಲ.

ಶ್ರೀತಾಳೆಯನ್ನು ಇಲ್ಲಿ ಬಿಡಲಾಗದು. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಿಟ್ಟು ಬಂದ ಧವಳಾದಿ ಸಿದ್ಧಾಂತ ಗ್ರಂಥಗಳು ತಾಳೆಯ ಗರಿಗಳ ಮೇಲೆ ಬರೆದವು. ಅವು ಅಚ್ಚಾಗತೊಡಗಿದ್ದು 1939ರಲ್ಲಿ. ಗ್ರಂಥವನ್ನು ಉಳಿಸಿದ ನಾವು ಗರಿ ಕೊಟ್ಟ ಮರವನ್ನು ಅಷ್ಟಾಗಿ ಗಮನಿಸಲಿಲ್ಲ. ಅಗಲವಾದ, ಬಾಗಿ ಬರೆಸಿಕೊಳ್ಳುವ ಗರಿಯ ಶ್ರೀತಾಳೆಯು ಮೂವತ್ತರಿಂದ ಎಂಬತ್ತು ವರ್ಷಗಳ ಆಯುಷ್ಯದಲ್ಲಿ ಒಂದೇ ಸಲ, ನೆತ್ತಿಯ ಮೇಲೆ, ಮರದಷ್ಟೇ ದೊಡ್ಡದೆನ್ನುವಂತೆ ಹೂಗೊಂಚಲನ್ನು ತಳೆದು, ಕಾಯಿ ಬಲಿತ ಮೇಲೆ ಸಾಯುತ್ತದೆ. ಹೂ ಬಿಟ್ಟರೆ ಊರಿಗೆ ಕೇಡೆಂಬ ನಂಬಿಕೆಯಿಂದ ಕರಾವಳಿಯಲ್ಲಿ ಅದನ್ನು ಹೂವಿನ ಹೊತ್ತಿಗೆ ಕಡಿದುಹಾಕುವುದುಂಟು. ಬೀಜವಾಗುವ ಮುನ್ನವೇ ವಂಶ ನಿಂತಿತು. ಇತ್ತೀಚೆಗೆ ಉಡುಪಿಯ ಕಡೆಯ ಆಸಕ್ತರು ಬೀಜ ಸಂಗ್ರಹಿಸಿ ಸಸಿಗಳನ್ನು ಹಂಚುತ್ತಿದ್ದಾರೆ. ಶ್ರುತಪಂಚಮಿಯಂದು ಗ್ರಂಥಗಳಿಗೆ ಪೂಜೆ ಸಲ್ಲಿಸುವ ಬಸದಿಗಳ ಅಂಗಳದಲ್ಲಿ ಮಕ್ಕಳ ಕೈಯಿಂದ ಒಂದೊಂದು ಶ್ರೀತಾಳೆಯನ್ನು ನೆಡಿಸಬಹುದಲ್ಲವೇ? ನೆಟ್ಟ ಮಗು ಅದರ ಹೂವನ್ನು ಕಾಣುವ ಹೊತ್ತಿಗೆ ಅಜ್ಜನೋ ಅಜ್ಜಿಯೋ ಆಗಿರುತ್ತದೆ. ವನಮಹೋತ್ಸವದ ಛಾಯಾಚಿತ್ರಕ್ಕೆ ಇದು ಒದಗದು.

2001-02ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಹಸಿರು ಪಡೆಯ ಯೋಜನೆಯಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳನ್ನು ತೆರೆಯಿಸಿತು. ಅರಣ್ಯ ಇಲಾಖೆಯು ಚಿಣ್ಣರ ವನದರ್ಶನದಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಕೆಲವು ಶಾಲೆಗಳು ಮಳೆ ನಿಂತ ಮೇಲೆ ತೋಡುಗಳಿಗೆ ಕಲ್ಲು, ಮಣ್ಣು, ಮರಳಿನ ಚೀಲಗಳಿಂದ ಕಟ್ಟ ಕಟ್ಟುತ್ತವೆ. ಕಟ್ಟವೆಂಬುದು ಹೊಸ ಯೋಜನೆಯಲ್ಲ. ಅಡಿಕೆ ತೋಟದವರು ತಲೆಮಾರುಗಳಿಂದ ಮಾಡಿ ಬಂದು, ಪಂಪುಸೆಟ್ಟು ಮತ್ತು ಕೊಳವೆಬಾವಿ ಬಂದ ಮೇಲೆ ಮರೆತ ಕೆಲಸ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿಯ ಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ತೋಡಿ, ಹಲವು ಸಲ ನೀರು ಸಿಗದೆಯೂ ಬಿಡದೆ, ಕೊನೆಗೆ ನೀರು ಕಂಡು ಬೋಳುಗುಡ್ಡವನ್ನು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ನೀರಿನ ಪಾಠಕ್ಕೆ ಬೇರೆ ಪಠ್ಯವನ್ನು ಅರಸಬೇಕಾಗಿಲ್ಲ. ಆ ನೀರೇ ಮುನಿದಾಗ ಏನಾಗುತ್ತದೆಂಬುದನ್ನು 1923ರ ಮತ್ತು 1974ರ ನೇತ್ರಾವತಿಯ ನೆರೆಗಳು ಬಂಟ್ವಾಳಕ್ಕೂ, 2019ರ ಆಗಸ್ಟಿನ ನೆರೆ ಬೆಳ್ತಂಗಡಿಯ ಘಟ್ಟದ ತಪ್ಪಲಿಗೂ ತೋರಿಸಿವೆ. 1974ರ ನೀರು ಎಲ್ಲಿಯ ತನಕ ಬಂದಿತ್ತೆಂದು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮಕ್ಕಳು ಈ ವರ್ಷವೇ ಹೋಗಿ ಕೇಳಿಬರುವುದು ಲೇಸು.

ಕಾಲದ ಒಂದು ತೊಡಕನ್ನು ಹೇಳಿ ಮುಗಿಸುತ್ತೇನೆ. ಶಾಲೆಗಳು ತೆರೆಯುವುದು ಜೂನ್ ತಿಂಗಳಲ್ಲಿ. ಕಪ್ಪೆಗಳು ಕೂಗುವುದು, ಮೀನುಗಳು ಹೊಳೆಯೇರುವುದು, ಬಿದ್ದ ಬೀಜಗಳೆಲ್ಲ ಮೊಳೆಯುವುದು ಆಗಲೇ. ಕೆಲವೇ ವಾರಗಳಲ್ಲಿ ಚಾತುರ್ಮಾಸವೂ ಆರಂಭವಾಗುತ್ತದೆ. ನೆಲದ ತುಂಬ ಜೀವಗಳು ಹುಟ್ಟಿರುವುದರಿಂದ ಮುನಿಗಳು ವಿಹಾರವನ್ನು ನಿಲ್ಲಿಸುತ್ತಾರೆ. ನೋಡಲು ಅತ್ಯಂತ ಹೆಚ್ಚು ಇರುವ ಕಾಲವೂ ತುಳಿಯುವ ಅಪಾಯ ಅತ್ಯಂತ ಹೆಚ್ಚಿರುವ ಕಾಲವೂ ಒಂದೇ. ಆದುದರಿಂದ ಮಳೆಗಾಲದ ಪಾಠವನ್ನು ದೂರದ ಕಾಡಿನಲ್ಲಿ ಮಾಡದೆ ಶಾಲೆಯ ಗೇಟಿನಿಂದ ಹತ್ತಿರದ ಗದ್ದೆಯ ಬದುವಿನ ತನಕ ಮಾಡುವುದು ಯುಕ್ತ. ಮುನಿಗಳ ಈರ್ಯಾಸಮಿತಿಯಲ್ಲಿ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವ ನಿಯಮವಿದೆಯಷ್ಟೆ; ಮಕ್ಕಳು ಅದನ್ನೇ ಅನುಸರಿಸಿ, ಒಬ್ಬರ ಹಿಂದೆ ಒಬ್ಬರಂತೆ, ಆ ನಾಲ್ಕು ಮೊಳದಲ್ಲಿ ಕಂಡುದನ್ನೆಲ್ಲ ಬರೆಯುತ್ತ ನಡೆದರೆ ಒಂದು ಪಿರಿಯಡ್ಡಿನಲ್ಲಿ ಬದುವಿನ ಅರ್ಧದಷ್ಟನ್ನೂ ದಾಟಲಾರರು.